ಊರ ಕೆಲಸಕ್ಕೆ ತಕ್ಕ ದಾನಿಯನ್ನು ಹುಡುಕುವುದು ಹೇಗೆ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಾಡಬೇಕಾದ ಒಳ್ಳೆಯ ಕೆಲಸಗಳು ಬೇಕಾದಷ್ಟಿವೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಅಂಥ ಕೆಲಸಗಳಿಗೆ ಕಂಪನಿಗಳು ಕಾನೂನಿನಂತೆ ಕೊಡಲೇಬೇಕಾದ ಹಣವೂ ಇದೆ. ಆದರೂ ಹೂಳು ತುಂಬಿದ ಕಲ್ಯಾಣಿ ಹಾಗೆಯೇ ಉಳಿಯುತ್ತದೆ, ಹತ್ತಿರದ ಕಂಪನಿಯ ಹಣ ಮಾರ್ಚ್ ಕೊನೆಯಲ್ಲಿ ಅವಸರದಿಂದ ಎಲ್ಲಿಗೋ ಹೋಗುತ್ತದೆ. ಹಳ್ಳಿಯವರಿಗೆ ಕಂಪನಿಯಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದು. ಕಂಪನಿಯವರಿಗೆ ಹಳ್ಳಿಯಲ್ಲಿ ಯಾರನ್ನು ನಂಬಬೇಕೆಂದು ತಿಳಿಯದು. ಇವರಿಬ್ಬರ ನಡುವೆ ಓಡಾಡುವವರು ತಾಲ್ಲೂಕಿಗೆ ಒಬ್ಬರಾದರೂ ಬೇಕು ಎಂದು ನನಗೆ ಬಲವಾಗಿ ಅನ್ನಿಸಿದೆ. ಆ ಕೆಲಸಕ್ಕೆ ಇಳಿಯಲು ಮನಸ್ಸಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನ ಗ್ರಾಮೀಣ ಶಾಖೆಗಳಲ್ಲಿ ದುಡಿದು ನಿವೃತ್ತಳಾದವಳು. ಹಸುವಿನ ಸಾಲ, ಕೊಳವೆಬಾವಿಯ ಸಾಲ, ಸ್ವಸಹಾಯ ಸಂಘಗಳ ಸಾಲ, ಇವುಗಳ ಅರ್ಜಿ ಓದುವುದು, ಆಮೇಲೆ ಅರ್ಜಿಯನ್ನು ಬದಿಗಿಟ್ಟು ಸ್ವತಃ ಹೋಗಿ ಕೊಟ್ಟಿಗೆ ನೋಡಿ ಬರುವುದು ನನ್ನ ಕೆಲಸವಾಗಿತ್ತು. ಈಗ ಸಂಬಳವಿಲ್ಲದೆ ಮಾಡುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ.

ಮೊದಲು ಸ್ಥಳಕ್ಕೆ ಹೋಗಿ

ದಾನಿಯ ವಿಚಾರ ಎತ್ತುವ ಮೊದಲು ಆ ಕೆಲಸ ನಿಜಕ್ಕೂ ಬೇಕಾದದ್ದೇ ಎಂದು ನೋಡಬೇಕು. ಮುಳಬಾಗಿಲು ಕಡೆಯ ಒಂದು ಹಳ್ಳಿಯವರು ಶುದ್ಧ ಕುಡಿಯುವ ನೀರಿನ ಘಟಕ ಬೇಕೆಂದು ಬಂದಿದ್ದರು. ನಮ್ಮ ಜಿಲ್ಲೆಯಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿಯಲ್ಲ, ಕೇಳಿದ್ದು ನ್ಯಾಯವಾಗಿಯೇ ಇತ್ತು. ಹೋಗಿ ನೋಡಿದರೆ ಬಸ್ ನಿಲ್ದಾಣದ ಪಕ್ಕದಲ್ಲೇ ಒಂದು ಘಟಕ ಬೀಗ ಹಾಕಿಕೊಂಡು ನಿಂತಿತ್ತು. ಅದರ ಶೋಧಕ ಪೊರೆ ಹಾಳಾಗಿತ್ತು, ಬದಲಿಸಲು ಹಣವಿರಲಿಲ್ಲ, ನೋಡಿಕೊಳ್ಳುತ್ತಿದ್ದ ಹುಡುಗ ಸಂಬಳ ಬಾರದೆ ಬಿಟ್ಟುಹೋಗಿದ್ದ. ಆ ಊರಿಗೆ ಬೇಕಾಗಿದ್ದದ್ದು ರಿಪೇರಿ, ಒಬ್ಬರ ಸಂಬಳ ಮತ್ತು ಕೊಡಕ್ಕೆ ಇಷ್ಟು ಎಂದು ವಸೂಲು ಮಾಡಿ ಲೆಕ್ಕ ಬರೆಯುವ ಒಂದು ವ್ಯವಸ್ಥೆ. ಮಹಿಳಾ ಸಂಘದವರು ಲೆಕ್ಕದ ಹೊಣೆ ಹೊತ್ತರು. ರಿಪೇರಿಗೆ ಹಣ ಕೊಡಲು ಕಂಪನಿಗಳು ಒಪ್ಪಲಿಲ್ಲ, ಹಳೆಯ ಘಟಕದ ಮೇಲೆ ಬೇರೆಯವರ ಹೆಸರಿದೆ ಎಂಬುದು ಅವರ ಅಳುಕು. ಬೆಂಗಳೂರಿನ ಒಂದು ಸಣ್ಣ ಕುಟುಂಬ ಟ್ರಸ್ಟ್ ಒಪ್ಪಿತು. ಹೊಸದಕ್ಕೆ ಆಗುತ್ತಿದ್ದ ಖರ್ಚಿನ ಸಣ್ಣ ಪಾಲಿನಲ್ಲಿ ನೀರು ಬಂತು.

ಹಾಗಾಗಿ ಹಳ್ಳಿಗೆ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ, ಇದನ್ನು ಹಿಂದೆ ಯಾರಾದರೂ ಮಾಡಿದ್ದರೇ, ಮಾಡಿದ್ದರೆ ಅದು ಈಗ ಎಲ್ಲಿದೆ. ಎರಡನೆಯದು, ಹಣ ಮುಗಿದ ಮರುವರ್ಷ ಇದನ್ನು ಯಾರು ನೋಡಿಕೊಳ್ಳುತ್ತಾರೆ. ಇದಕ್ಕೆ ‘ಪಂಚಾಯಿತಿಯವರು’ ಎಂಬ ಉತ್ತರ ಬಂದರೆ ಸಾಲದು, ಒಬ್ಬರ ಹೆಸರು ಬೇಕು. ಮೂರನೆಯದು, ಊರಿನವರ ವಂತಿಗೆ ಎಷ್ಟು. ಬಡವರ ಊರಿನಿಂದ ದೊಡ್ಡ ಮೊತ್ತ ಕೇಳುವುದು ಅನ್ಯಾಯ. ಆದರೆ ಮನೆಗೆ ನೂರು ರೂಪಾಯಿಯೋ ಎರಡು ದಿನದ ಶ್ರಮದಾನವೋ ಟ್ರ್ಯಾಕ್ಟರಿನ ಬಾಡಿಗೆಯೋ, ಏನಾದರೂ ಅವರ ಕೈಯಿಂದ ಬಿದ್ದಿದ್ದರೆ ಆ ಕೆಲಸಕ್ಕೆ ಯಜಮಾನರಿದ್ದಾರೆ ಎಂದು ಅರ್ಥ. ದಾನಿಗಳಿಗೂ ಇದು ಬೇಗ ಅರ್ಥವಾಗುತ್ತದೆ.

ಹೆಂಗಸರನ್ನು ಬೇರೆಯಾಗಿ ಕೂರಿಸಿಕೊಂಡು ಕೇಳಿ. ಅರಳಿಕಟ್ಟೆಯ ಮೇಲೆ ಸಿಗುವ ಉತ್ತರ ಒಂದು, ನೀರು ಹಿಡಿಯುವ ಸಾಲಿನಲ್ಲಿ ಸಿಗುವ ಉತ್ತರ ಇನ್ನೊಂದು. ಸಮುದಾಯ ಭವನ ಬೇಕೆಂದು ಬಂದ ಊರಿನಲ್ಲಿ ಹೆಂಗಸರು ಕೇಳಿದ್ದು ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ತೊಟ್ಟಿ.

ಜಾಗ ಯಾರದು, ಕಟ್ಟಿದ ಮೇಲೆ ಆಸ್ತಿ ಯಾರದು

ಹೆಚ್ಚಿನ ಒಳ್ಳೆಯ ಯೋಜನೆಗಳು ಮುರಿದುಬೀಳುವುದು ಇಲ್ಲಿ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆರೆಯ ಕೆಲಸವಾದರೆ ಅಚ್ಚುಕಟ್ಟು, ಅಂದರೆ ಆ ಕೆರೆಯ ನೀರು ಹರಿಯುವ ಜಮೀನು, ಎಷ್ಟೆಂದು ಮೊದಲು ತಿಳಿಯಿರಿ. 40 ಹೆಕ್ಟೇರಿನವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಯ ಕೈಯಲ್ಲಿವೆ. ಅದಕ್ಕಿಂತ ದೊಡ್ಡವು, 2,000 ಹೆಕ್ಟೇರಿನವರೆಗೆ, ಸಣ್ಣ ನೀರಾವರಿ ಇಲಾಖೆಯವು. ಅನುಮತಿ ಕೇಳಬೇಕಾದ ಕಚೇರಿ ಇದರ ಮೇಲೆಯೇ ನಿರ್ಧಾರವಾಗುತ್ತದೆ. ಒತ್ತುವರಿ ಇದೆಯೆಂಬ ಗುಮಾನಿಯಿದ್ದರೆ ಸರ್ವೆ ಮುಗಿಯುವವರೆಗೆ ಯಾವ ದಾನಿಯನ್ನೂ ಕರೆತರಬೇಡಿ. ಕಲ್ಯಾಣಿ ದೇವಸ್ಥಾನಕ್ಕೆ ಸೇರಿದ್ದು, ದೇವಸ್ಥಾನ ಮುಜರಾಯಿ ಇಲಾಖೆಗೆ ಸೇರಿದ್ದು ಎಂದಾದರೆ ತಹಶೀಲ್ದಾರರ ಕಚೇರಿಯಿಂದ ಕೆಲಸ ಶುರುವಾಗಬೇಕು. ಶಾಲೆಯ ಆವರಣದ ಕೆಲಸಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿ ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಒಪ್ಪಿಗೆ ಬೇಕು. ಪಂಚಾಯಿತಿ ಜಾಗವಾದರೆ ಸಾಮಾನ್ಯ ಸಭೆಯ ನಡಾವಳಿಯ ಪ್ರತಿಯನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ, ಮೊಹರಿನೊಂದಿಗೆ ಪಡೆದುಕೊಳ್ಳಿ. ಅಧ್ಯಕ್ಷರ ಬಾಯಿಮಾತಿನ ಭರವಸೆ ಮುಂದಿನ ಚುನಾವಣೆಯವರೆಗೆ ಮಾತ್ರ.

ಕಟ್ಟಿದ ಮೇಲಿನ ಆಸ್ತಿಯ ಪ್ರಶ್ನೆಗೆ ಕಾನೂನಿನಲ್ಲಿಯೇ ಉತ್ತರವಿದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಯಮಗಳಿಗೆ, ಅಂದರೆ ಎಲ್ಲರೂ ಸಿಎಸ್‌ಆರ್ ಎನ್ನುವ ನಿಯಮಗಳಿಗೆ, 2021ರ ಜನವರಿಯಲ್ಲಿ ತಿದ್ದುಪಡಿಯಾಯಿತು. ಆ ಬಳಿಕ ಈ ಹಣದಿಂದ ಆದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಸೇವಾಸಂಸ್ಥೆ, ಫಲಾನುಭವಿಗಳ ಸ್ವಸಹಾಯ ಸಂಘ ಅಥವಾ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿ ಅದು ಇರಬೇಕು. ರಾಗಿ ಹಿಟ್ಟಿನ ಯಂತ್ರ ಸಂಘದ ಹೆಸರಿಗೋ ಪಂಚಾಯಿತಿಯ ಹೆಸರಿಗೋ ಎಂಬುದನ್ನು ಅರ್ಜಿಗೆ ಮೊದಲೇ ಊರಿನವರು ಕೂತು ತೀರ್ಮಾನಿಸಲಿ. ಯಂತ್ರ ಬಂದಿಳಿದ ದಿನ ಈ ಮಾತು ಶುರುವಾದರೆ ಜಗಳವಾಗುತ್ತದೆ.

ಯಾವ ಕೆಲಸಕ್ಕೆ ಯಾವ ಹಣ

ಎಲ್ಲರ ಬಾಯಲ್ಲೂ ಮೊದಲು ಬರುವುದು ಅಜೀಂ ಪ್ರೇಮ್‌ಜಿ ಫೌಂಡೇಶನ್, ಇನ್ಫೋಸಿಸ್ ಫೌಂಡೇಶನ್, ಟಾಟಾ ಟ್ರಸ್ಟ್‌ಗಳ ಹೆಸರು. ಇವು ದೊಡ್ಡ ಸಂಸ್ಥೆಗಳು, ದೊಡ್ಡ ಕೆಲಸ ಮಾಡಿವೆ. ಆದರೆ ಒಂದು ಶಾಲೆಯ ಒಂದು ತೊಟ್ಟಿಗೆ ಅಲ್ಲಿಗೆ ಅರ್ಜಿ ಹಾಕಿ ವರ್ಷವಿಡೀ ಕಾಯುವುದು ಸಮಯ ಕಳೆದಂತೆ. ಹಲವು ವರ್ಷ ನಡೆಯುವ, ಕಾರ್ಯಕರ್ತರ ಸಂಬಳವೇ ಮುಖ್ಯ ಖರ್ಚಾಗಿರುವ ಕೆಲಸವಿದ್ದು, ನಿಮ್ಮ ಸಂಸ್ಥೆಗೆ ಕೆಲವು ವರ್ಷಗಳ ಲೆಕ್ಕಪತ್ರವಿದ್ದರೆ ಅಂಥ ಕಡೆ ಹೋಗಿ. ನೀರಿಗೆಂದೇ ಬೆಂಗಳೂರಿನಲ್ಲಿ ಅರ್ಘ್ಯಂ ಇದೆ. ಕಲೆ, ಸಂಶೋಧನೆಗೆ 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಅದರ ‘ಕಲಿ-ಕಲಿಸು’ ಕಾರ್ಯಕ್ರಮ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಅನುದಾನ ಕೊಟ್ಟಿದೆ. ಹೂಳೆತ್ತುವ ಕೆಲಸಕ್ಕೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ಯನ್ನು ವಿಚಾರಿಸಬಹುದು. ಶಾಲೆಗೆ ಬೇಕಾದ ಸಣ್ಣಪುಟ್ಟ ವಸ್ತುಗಳನ್ನು ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಜಾಲತಾಣದಲ್ಲಿ ಮುಖ್ಯೋಪಾಧ್ಯಾಯರೇ ನಮೂದಿಸಬಹುದು.

ಆದರೆ ಸಣ್ಣ ಊರಿನ ಸಣ್ಣ ಕೆಲಸಕ್ಕೆ ನಾನು ನೆಚ್ಚಿಕೊಂಡಿರುವುದು ಯಾರೂ ಹೆಸರು ಕೇಳದ, ಹತ್ತಿರದ ಮಧ್ಯಮ ಗಾತ್ರದ ಕಂಪನಿಗಳನ್ನು. ಲೆಕ್ಕ ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ ₹500 ಕೋಟಿ, ವಹಿವಾಟು ₹1,000 ಕೋಟಿ ಅಥವಾ ನಿವ್ವಳ ಲಾಭ ₹5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಒಂದು ಬಿಡಿಭಾಗದ ಕಾರ್ಖಾನೆಗೆ ಮೂರು ವರ್ಷ 4, 5, 6 ಕೋಟಿ ಲಾಭ ಬಂದಿದ್ದರೆ ಸರಾಸರಿ 5 ಕೋಟಿ, ಅದರ ಶೇ 2 ಎಂದರೆ ₹10 ಲಕ್ಷ. ಒಂದು ಕಲ್ಯಾಣಿಗೂ ಒಂದು ಶಾಲೆಯ ಶೌಚಾಲಯಕ್ಕೂ ಇದು ಸರಿಯಾದ ಅಳತೆಯ ಹಣ. ಕೊಡಬೇಕಾದದ್ದು ₹50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಿಎಸ್‌ಆರ್ ಸಮಿತಿಯೂ ಬೇಕಿಲ್ಲ, ನಿರ್ದೇಶಕರ ಮಂಡಳಿಯೇ ತೀರ್ಮಾನಿಸುತ್ತದೆ. ಅಲ್ಲಿ ಇದಕ್ಕೆಂದೇ ಅಧಿಕಾರಿ ಇರುವುದಿಲ್ಲ. ಲೆಕ್ಕ ವಿಭಾಗದವರೋ ಸಿಬ್ಬಂದಿ ವಿಭಾಗದವರೋ ತಮ್ಮ ಕೆಲಸದ ನಡುವೆ ಇದನ್ನೂ ಹೊತ್ತಿರುತ್ತಾರೆ. ನಂಬಬಹುದಾದ ಕೆಲಸವನ್ನು ಕಾಗದಪತ್ರದ ಸಮೇತ ಯಾರಾದರೂ ತಂದುಕೊಟ್ಟರೆ ಅವರಿಗೆ ಎಷ್ಟು ನೆಮ್ಮದಿಯಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಈ ಮಾತನ್ನು ಧೈರ್ಯವಾಗಿ, ಮರ್ಯಾದೆಯಿಂದ ನೆನಪಿಸಿ.

ಯಾವ ಕಂಪನಿ ಎಲ್ಲಿ ಖರ್ಚು ಮಾಡಿದೆ ಎಂಬುದು ಗುಟ್ಟಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಜಾಲತಾಣದಲ್ಲಿ ಕಂಪನಿವಾರು, ರಾಜ್ಯವಾರು ಮಾಹಿತಿ ಸಿಗುತ್ತದೆ. ಇನ್ನೂ ಒಳ್ಳೆಯದು ಕಂಪನಿಯ ವಾರ್ಷಿಕ ವರದಿ. ಅದರ ಹಿಂಭಾಗದ ಅನುಬಂಧದಲ್ಲಿ ಯೋಜನೆಯ ಹೆಸರು, ಜಿಲ್ಲೆ, ಮೊತ್ತ, ಕಂಪನಿ ನೇರವಾಗಿ ಮಾಡಿತೇ ಅಥವಾ ಸಂಸ್ಥೆಯೊಂದರ ಮೂಲಕ ಮಾಡಿತೇ, ಆ ಸಂಸ್ಥೆಯ ಹೆಸರೇನು, ಎಲ್ಲವೂ 2022ರಲ್ಲಿ ನಮೂನೆ ಬದಲಾಗುವವರೆಗೆ ಇರಲೇಬೇಕಿತ್ತು, ಈಗಲೂ ಕೆಲವು ಕಂಪನಿಗಳು ಬರೆಯುತ್ತವೆ. ಮೂರು ವರ್ಷಗಳ ಅನುಬಂಧ ಪಕ್ಕದಲ್ಲಿಟ್ಟು ಓದಿದರೆ ಆ ಕಂಪನಿಯ ಮನಸ್ಸು ಎತ್ತ ಎಂದು ತಿಳಿಯುತ್ತದೆ. ಪ್ರತಿ ವರ್ಷ ಕಣ್ಣಿನ ಆಸ್ಪತ್ರೆಗೇ ಕೊಟ್ಟವರ ಬಳಿ ಗ್ರಂಥಾಲಯಕ್ಕೆ ಕೇಳಲು ಹೋಗಿ ಇಬ್ಬರ ಸಮಯವನ್ನೂ ಕಳೆಯಬೇಡಿ.

ಕಾಗದಪತ್ರ

ಹಣ ಪಡೆಯುವ ಸಂಸ್ಥೆಯ ಬಳಿ ಇರಬೇಕಾದವು ಇವು: ಟ್ರಸ್ಟ್ ಅಥವಾ ಸಂಘದ ನೋಂದಣಿ, ಪ್ಯಾನ್, ಆದಾಯ ತೆರಿಗೆ ವಿನಾಯಿತಿಯ 12ಎ (ಸಂಸ್ಥೆಗೆ) ಮತ್ತು 80ಜಿ (ದಾನಿಗೆ) ನೋಂದಣಿ, ಸೇವಾಸಂಸ್ಥೆಗಳನ್ನು ದಾಖಲಿಸುವ ನೀತಿ ಆಯೋಗದ ದರ್ಪಣ್ ಜಾಲತಾಣದ ಸಂಖ್ಯೆ, ಮೂರು ವರ್ಷಗಳ ಲೆಕ್ಕ ಪರಿಶೋಧನಾ ವರದಿ. 2021ರ ಏಪ್ರಿಲ್ 1ರಿಂದ ಕಂಪನಿಯ ಹಣ ಪಡೆಯುವ ಸಂಸ್ಥೆಗೆ ಸಿಎಸ್‌ಆರ್-1 ನಮೂನೆಯ ನೋಂದಣಿ ಸಂಖ್ಯೆಯೂ ಬೇಕು. ಸಂಸ್ಥೆಗೆ ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವಿರಬೇಕು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ ಎಂದು ನಿಗದಿಯಾದದ್ದರಿಂದ ಕಲಂಗಳ ಸಂಖ್ಯೆ ಬದಲಾಗಿದೆ. ಎಲ್ಲರೂ 12ಎ, 80ಜಿ ಎಂದೇ ಕರೆಯುತ್ತಾರೆ, ಆದರೆ ನವೀಕರಣದ ಗಡುವನ್ನು ಲೆಕ್ಕ ಪರಿಶೋಧಕರಿಂದಲೇ ಖಚಿತಪಡಿಸಿಕೊಳ್ಳಿ.

ಯುವಕ ಸಂಘಕ್ಕೋ ಮಹಿಳಾ ಸಂಘಕ್ಕೋ ಇವೆಲ್ಲ ಇರುವುದಿಲ್ಲ. ಅದಕ್ಕೆ ಎರಡು ದಾರಿಗಳಿವೆ. ಒಂದು, ಕಂಪನಿಯೇ ನೇರವಾಗಿ ಕೆಲಸ ಮಾಡಿಸುವುದು. ಗುತ್ತಿಗೆದಾರರಿಗೆ, ಅಂಗಡಿಗೆ ಕಂಪನಿಯೇ ಪಾವತಿಸುತ್ತದೆ, ಊರಿನವರು ನಿಗಾ ವಹಿಸುತ್ತಾರೆ. ಇದಕ್ಕೆ ಸಿಎಸ್‌ಆರ್-1 ಬೇಕಿಲ್ಲ. ಇನ್ನೊಂದು, ನೋಂದಣಿಯೆಲ್ಲ ಸರಿಯಿರುವ ಜಿಲ್ಲೆಯ ಸಂಸ್ಥೆಯೊಂದು ಯೋಜನೆಯನ್ನು ತನ್ನದಾಗಿ ನಡೆಸುವುದು, ಊರಿನ ಸಂಘ ಅದರ ಜೊತೆ ದುಡಿಯುವುದು. ಅಂಥ ಸಂಸ್ಥೆಗಳ ಹೆಸರು ಮೇಲೆ ಹೇಳಿದ ಅನುಬಂಧಗಳಲ್ಲೇ ಸಿಗುತ್ತದೆ. ಯಾರು ಏನು ಮಾಡುತ್ತಾರೆ, ಬಿಲ್ಲುಗಳು ಯಾರ ಬಳಿ ಇರುತ್ತವೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಲಿ. ಹೆಸರಿಗೆ ಮಾತ್ರ ಖಾತೆ ಕೊಟ್ಟು ಹಣ ದಾಟಿಸುವವರಿಂದ ದೂರವಿರಿ.

ಒಂದೇ ಪುಟದ ಪತ್ರ

ಇಪ್ಪತ್ತು ಪುಟದ ಯೋಜನಾ ವರದಿಯನ್ನು ಯಾರೂ ಓದುವುದಿಲ್ಲ. ಮೊದಲು ಹೋಗುವುದು ಒಂದು ಪುಟ. ನಾನು ಬರೆಯುವ ಬಗೆ ಇದು:

“ನಮ್ಮ ಊರಿನಲ್ಲಿ 180 ಮನೆಗಳಿವೆ. ಊರ ಕಲ್ಯಾಣಿಯಲ್ಲಿ ಹೂಳು ತುಂಬಿದೆ, ಎರಡು ಬದಿಯ ಮೆಟ್ಟಿಲುಗಳು ಕುಸಿದಿವೆ. ದನಗಳಿಗೆ ನೀರು ಕೊಳವೆಬಾವಿಯಿಂದ ಬರುತ್ತಿದೆ. ಹೂಳೆತ್ತಿ, ಕಲ್ಲು ಮರುಜೋಡಿಸಿ, ನೀರು ಬರುವ ಕಾಲುವೆ ಬಿಡಿಸಲು ಒಟ್ಟು ₹6,40,000 ಬೇಕು. ಇದರಲ್ಲಿ ₹40,000 ಊರಿನ ವಂತಿಗೆ, ಈಗಾಗಲೇ ಸಂಗ್ರಹವಾಗಿದೆ. ನಿಮ್ಮಿಂದ ಕೇಳುತ್ತಿರುವುದು ₹6,00,000. ಜಾಗ ಗ್ರಾಮ ಪಂಚಾಯಿತಿಯದು, ನಡಾವಳಿಯ ಪ್ರತಿ ಲಗತ್ತಿಸಿದೆ. ಕೆಲಸ ಫೆಬ್ರುವರಿಯಲ್ಲಿ ಶುರುವಾಗಿ ಮುಂಗಾರಿಗೆ ಮೊದಲು ಮುಗಿಯಬೇಕು. ಮುಗಿದ ಮೇಲೆ ವರ್ಷಕ್ಕೊಮ್ಮೆ ಕಾಲುವೆ ಬಿಡಿಸುವ ಹೊಣೆ ಮಹಿಳಾ ಸಂಘದ್ದು. ನಿಮ್ಮ ಕಾರ್ಖಾನೆಯಿಂದ ನಮ್ಮ ಊರು 14 ಕಿಲೋಮೀಟರ್. ದಯವಿಟ್ಟು ಬಂದು ನೋಡಿ.”

ಅಂಕಿಗಳನ್ನು ನಿಮ್ಮ ಊರಿನದಕ್ಕೆ ಬದಲಿಸಿಕೊಳ್ಳಿ. ಇದರಲ್ಲಿ ‘ಸಬಲೀಕರಣ’, ‘ಸುಸ್ಥಿರ’, ‘ಸಮಗ್ರ’ ಯಾವುದೂ ಇಲ್ಲ ಎಂಬುದನ್ನು ಗಮನಿಸಿ. ಖರ್ಚಿನ ವಿವರವನ್ನು ಇನ್ನೊಂದು ಹಾಳೆಯಲ್ಲಿ ಸಾಲುಸಾಲಾಗಿ ಬರೆಯಿರಿ. ಜೆಸಿಬಿ ಗಂಟೆಗೆ ಎಷ್ಟು, ಕಲ್ಲುಕುಟಿಗರ ಕೂಲಿ ಎಷ್ಟು, ಲೆಕ್ಕ ಬರೆಯುವವರ ಸಂಬಳ ಎಷ್ಟು. ಈ ಕೊನೆಯ ಸಾಲನ್ನು ಅಡಗಿಸಬೇಡಿ. ಮೇಲ್ವಿಚಾರಣೆಗೆ ಖರ್ಚೇ ಇಲ್ಲವೆಂದು ತೋರಿಸಿ, ಆಮೇಲೆ ಸಿಮೆಂಟಿನ ಲೆಕ್ಕದಲ್ಲಿ ಅದನ್ನು ಸರಿದೂಗಿಸುವ ಅಭ್ಯಾಸ ನಮ್ಮ ಸೇವಾಸಂಸ್ಥೆಗಳ ಹೆಸರನ್ನು ಕೆಡಿಸಿದೆ. ದುಡಿಯುವವರಿಗೆ ಸಂಬಳ ಬೇಕು ಎಂದು ನೇರವಾಗಿ ಕೇಳಿ.

ಸಮಯ ನೋಡಿ ಕಳುಹಿಸಿ. ಏಪ್ರಿಲ್‌ನಿಂದ ಜುಲೈವರೆಗೆ ಹೆಚ್ಚಿನ ಕಂಪನಿಗಳು ವರ್ಷದ ಯೋಜನೆ ಹಾಕುತ್ತವೆ. ಜನವರಿ, ಫೆಬ್ರುವರಿಯಲ್ಲಿ ಹಣ ಉಳಿದಿದೆಯೆಂದು ಅವರೇ ಫೋನ್ ಮಾಡುತ್ತಾರೆ. ನಡೆಯುತ್ತಿರುವ ಯೋಜನೆಗೆ ಸೇರದ ಹಣ ಖರ್ಚಾಗದೆ ಉಳಿದರೆ ವರ್ಷ ಮುಗಿದ ಆರು ತಿಂಗಳೊಳಗೆ ಪ್ರಧಾನಮಂತ್ರಿ ಪರಿಹಾರ ನಿಧಿಯಂಥ, ಕಾಯ್ದೆಯ ಏಳನೇ ಅನುಸೂಚಿಯ ನಿಧಿಗೆ ಕಟ್ಟಬೇಕು. ಅದಕ್ಕಾಗಿ ಆ ಅವಸರ. ಆಗ ಒಪ್ಪಿಕೊಳ್ಳಬೇಕಾದದ್ದು ಮಾರ್ಚ್ 31ರೊಳಗೆ ಪ್ರಾಮಾಣಿಕವಾಗಿ ಮುಗಿಯುವ ಕೆಲಸವನ್ನು ಮಾತ್ರ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಗ್ರಂಥಾಲಯಕ್ಕೆ) ಪುಸ್ತಕ, ಕಪಾಟು, ಸರಿ. ಕಟ್ಟಡ, ಬೇಡ. ಬಹಳ ದಿನ ನಡೆಯುವ ಕೆಲಸಕ್ಕೆ ಮೊದಲೇ ‘ನಡೆಯುತ್ತಿರುವ ಯೋಜನೆ’ ಎಂದು ಮಂಡಳಿಯಿಂದ ಒಪ್ಪಿಗೆ ಪಡೆದರೆ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷಗಳಲ್ಲಿ ಖರ್ಚು ಮಾಡಲು ಅವಕಾಶವಿದೆ. ಇದನ್ನು ಸಣ್ಣ ಕಂಪನಿಯವರಿಗೆ ನೀವೇ ಹೇಳಬೇಕಾಗಿ ಬರಬಹುದು.

ದಾನಿ ಊರಿಗೆ ಬಂದಾಗ

ಹಾರ, ಶಾಲು, ಪೇಟ, ಪೆಂಡಾಲು ಬೇಡ. ಮಕ್ಕಳನ್ನು ಬಿಸಿಲಿನಲ್ಲಿ ಹೂಗುಚ್ಛ ಹಿಡಿಸಿ ನಿಲ್ಲಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಅದು ಪಾಠ ಕಲಿಯಬೇಕಾದ ಹೊತ್ತು. ಒಂದು ಲೋಟ ಮಜ್ಜಿಗೆ ಕೊಟ್ಟು ಸೀದಾ ಸ್ಥಳಕ್ಕೆ ಕರೆದುಕೊಂಡು ಹೋಗಿ. ಮಾತನಾಡುವವರು ಊರಿನವರಾಗಲಿ. ನೀವು ಹಿಂದೆ ಸರಿದು ನಿಲ್ಲಿ. ಯಾರಾದರೂ ‘ಹೋದ ಸಲದ ಹಣದಲ್ಲಿ ಗೋಡೆ ಬಿರುಕು ಬಿಟ್ಟಿತು’ ಎಂದು ದೂರಿದರೆ ಸುಮ್ಮನಿರಿಸಬೇಡಿ, ಅಂಥ ಒಂದು ಮಾತಿನಿಂದ ಹುಟ್ಟುವ ನಂಬಿಕೆ ಹತ್ತು ಹೊಗಳಿಕೆಯಿಂದ ಹುಟ್ಟುವುದಿಲ್ಲ.

ನಾಮಫಲಕದ ಅಳತೆಯನ್ನೂ ಆಗಲೇ ಮಾತಾಡಿ ಮುಗಿಸಿ. ಕಂಪನಿಯ ಹೆಸರು ಇರಲಿ, ಊರಿನ ವಂತಿಗೆಯ ಮೊತ್ತವೂ ಅದೇ ಕಲ್ಲಿನ ಮೇಲೆ ಅದೇ ಅಕ್ಷರದಲ್ಲಿ ಇರಲಿ ಎಂದು ನಾನು ಕೇಳುತ್ತೇನೆ. ಇದಕ್ಕೆ ಒಪ್ಪಿದ ಕಂಪನಿಗಳೇ ಹೆಚ್ಚು.

ಈ ಹಾದಿಯಲ್ಲಿ ಒಂದು ಕೊಳಕು ಮಾತೂ ಎದುರಾಗುತ್ತದೆ: ‘ಹತ್ತು ಲಕ್ಷ ಹಾಕುತ್ತೇವೆ, ನಾಲ್ಕು ಲಕ್ಷ ನಗದಾಗಿ ವಾಪಸು ಕೊಡಿ.’ ಆ ಕ್ಷಣವೇ ಎದ್ದು ಬನ್ನಿ. ಅದು ಅಪರಾಧ, ಸಿಕ್ಕಿಬೀಳುವವರು ಊರಿನವರು. ಹಾಗೆಯೇ ನಡುವೆ ನಿಂತ ನೀವು ಮೊತ್ತದ ಮೇಲೆ ಶೇಕಡಾವಾರು ಕಮಿಷನ್ ತೆಗೆದುಕೊಳ್ಳಬೇಡಿ. ನಿಮ್ಮ ದುಡಿಮೆಗೆ ಹಣ ಬೇಕಿದ್ದರೆ ಬಜೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಸಾಲು ಬರೆದು ಕೇಳಿ. ಕಮಿಷನ್ ಇದ್ದಲ್ಲಿ ಸಣ್ಣ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ದೊಡ್ಡ ಮೊತ್ತದ ಹಿಂದೆಯೇ ಎಲ್ಲರೂ ಓಡುತ್ತಾರೆ.

ಹೊರದೇಶದಲ್ಲಿರುವ ನಮ್ಮವರು

ಓದಿದ ಶಾಲೆಗೆ ಏನಾದರೂ ಮಾಡಬೇಕೆಂದು ಅಮೆರಿಕದಿಂದಲೋ ದುಬೈಯಿಂದಲೋ ಕೇಳುವವರು ಬಹಳ. ಇಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯನ್ನು ತಿಳಿದಿರಬೇಕು. ಕಳುಹಿಸುವವರ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ಬಳಿಕ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ‘ಪಾಸ್‌ಪೋರ್ಟ್ ಯಾವ ದೇಶದ್ದು’ ಎಂದು ಮೊದಲ ಮಾತಿನಲ್ಲೇ ಕೇಳಿಬಿಡಿ. ಕೇಳಲು ಮುಜುಗರವಾದರೂ ಕೇಳಿ, ಸಂಸ್ಥೆಯ ಖಾತೆ ಸ್ಥಗಿತವಾಗುವುದಕ್ಕಿಂತ ಅದು ಮೇಲು.

ಹಣ ಬಂದ ಮೇಲೆ

ಪ್ರತಿ ಬಿಲ್ಲಿನ ಪ್ರತಿ, ಕೆಲಸದ ಮೊದಲಿನ ಮತ್ತು ನಂತರದ ಚಿತ್ರ ಒಂದೇ ಜಾಗದಿಂದ ತೆಗೆದದ್ದು, ಲೆಕ್ಕ ಪರಿಶೋಧಕರ ಸಹಿಯಿರುವ ಹಣ ಬಳಕೆ ಪ್ರಮಾಣಪತ್ರ. ಇಷ್ಟನ್ನು ಕೇಳುವ ಮೊದಲೇ ಕಳುಹಿಸಿ. ಮಳೆ ಬಂದು ಕೆಲಸ ನಿಂತರೆ ಅದೇ ವಾರ ತಿಳಿಸಿ. ಕೆಟ್ಟ ಸುದ್ದಿಯನ್ನು ಸಮಯಕ್ಕೆ ಹೇಳಿದವರಿಗೆ ಎರಡನೇ ವರ್ಷ ಹಣ ತಪ್ಪಿದ್ದನ್ನು ನಾನು ನೋಡಿಲ್ಲ. ಒಂದು ವರ್ಷ ಕಳೆದ ಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ಸಲ ಹೋಗಿ ನೋಡಿ ನಾಲ್ಕು ಸಾಲು ಬರೆಯಿರಿ.

ಇನ್ನು ತಿರಸ್ಕೃತವಾದ ಅರ್ಜಿಗಳು. ಹೆಚ್ಚಿನವು ತಿರಸ್ಕೃತವೇ ಆಗುತ್ತವೆ. ಕಾರಣ ಕೇಳಿ ಬರೆದಿಟ್ಟುಕೊಳ್ಳಿ: ಹಣ ಮುಗಿದಿತ್ತೇ, ವಿಷಯ ಅವರದಲ್ಲವೇ, ಕಾಗದ ಸಾಲದೇ. ಹಣ ಮುಗಿದಿತ್ತು ಎಂದಿದ್ದರೆ ಆ ಕಡತವನ್ನು ಕೈಗೆ ಸಿಗುವಲ್ಲಿ ಇಡಿ, ಜೆಸಿಬಿ ಬಾಡಿಗೆ ಮತ್ತು ಕೂಲಿಯ ದರ ಹೊಸದಾಗಿ ವಿಚಾರಿಸಿ ತಿದ್ದಿ, ಏಪ್ರಿಲ್ ಎರಡನೇ ವಾರ ಅದೇ ಮೇಜಿಗೆ ಮತ್ತೆ ಕಳುಹಿಸಿ.